ಕ್ರಯಪತ್ರದ ಹಿಂಬದಿ ನೋಡಿದಿರಾ?

ಸಿರುಗುಪ್ಪದ ಲೇಖಕರಿಗೆ,

ನಮಸ್ಕಾರ. ‘ಶಾನುಭೋಗ ಮುತ್ತಜ್ಜ’ ಎಂಬ ನಿಮ್ಮ ಲೇಖನವೂ ಜತೆಗಿಟ್ಟ 11 ಫೋಟೋಗಳೂ ತಲುಪಿದವು. ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲು ಬರುವುದಿಲ್ಲ. 14 ಪುಟಗಳಲ್ಲಿ ‘ಧೀಮಂತ’ 9 ಸಲ ಬಂದಿದೆ, ‘ಕೊಡುಗೈ ದಾನಿ’ 6 ಸಲ. ಆ ಮನುಷ್ಯನಿಗೆ ಎಷ್ಟು ಹೊಲವಿತ್ತು, ಶಾನುಭೋಗಿಕೆಯಿಂದ ಏನು ಬರುತ್ತಿತ್ತು, ಯಾರಿಗೆ ಸಾಲ ಕೊಟ್ಟಿದ್ದ ಎಂಬುದು ಒಂದು ಸಲವೂ ಇಲ್ಲ. ಆದರೆ ನೀವು ಬರೆದದ್ದಕ್ಕಿಂತ ನೀವು ಕಳಿಸಿದ ಚಿತ್ರಗಳು ಹೆಚ್ಚು ಮಾತಾಡುತ್ತಿವೆ. ಅದಕ್ಕೇ ಇಷ್ಟುದ್ದದ ಉತ್ತರ.

7ನೇ ಫೋಟೋದ ಕ್ರಯಪತ್ರದಿಂದಲೇ ಶುರು ಮಾಡೋಣ. ಅದರಲ್ಲಿ ‘ಧಾತು ನಾಮ ಸಂವತ್ಸರದ ಮಾಘ’ ಎಂದಿದೆ. ನೀವು ಅದನ್ನು 1816 ಎಂದು ತಿರುಗಿಸಿ, ‘ಇನ್ನೂರು ವರ್ಷಗಳಿಂದ ಈ ಹೊಲ ನಮ್ಮದು’ ಎಂದು ಬರೆದಿದ್ದೀರಿ. ಸಂವತ್ಸರಗಳು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಧಾತು 1816ರಲ್ಲಿ ಬಂತು, 1876ರಲ್ಲಿ ಬಂತು, 1936ರಲ್ಲೂ ಬಂತು. ಯಾವುದು ಎಂದು ಸಂವತ್ಸರವೊಂದೇ ಹೇಳಲಾರದು. ಅದೇ ಹಾಳೆಯ ನೆತ್ತಿಯ ಮೇಲೆ ರಾಣಿಯ ತಲೆಯ ಛಾಪಾ ಇದೆ. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಅಲ್ಲಿಗೆ 1816 ಬಿತ್ತು, 1936ಕ್ಕೂ ಜಾಗವಿಲ್ಲ. ಸಾಲದ್ದಕ್ಕೆ ಎರಡನೇ ಸಾಲಿನಲ್ಲಿ ಶಕೆ 1798, ಫಸಲಿ (ಕಂದಾಯದ ವರ್ಷ) 1286 ಎಂದು ಅಚ್ಚುಕಟ್ಟಾಗಿ ಬರೆದಿದೆ. ಶಕೆಗೆ 78 ಕೂಡಿಸಿದರೆ 1876. ಆದರೆ ಮಾಘ ಬರುವುದು ಜನವರಿ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ, ಹಾಗಾಗಿ 79 ಕೂಡಿಸಬೇಕು. ಬಳ್ಳಾರಿ ಆಗ ಸೇರಿದ್ದ ಮದರಾಸು ಪ್ರಾಂತದ ಫಸಲಿ ಜುಲೈ 1ಕ್ಕೆ ಶುರು. ಅದಕ್ಕೆ ಡಿಸೆಂಬರ್‌ವರೆಗೆ 590, ಜನವರಿಯಿಂದ ಜೂನ್‌ವರೆಗೆ 591 ಕೂಡಿಸಬೇಕು. ಮೂರು ದಾರಿಯೂ ಒಂದೇ ಊರಿಗೆ ಬರುತ್ತವೆ: 1877ರ ಆರಂಭ.

1877ರ ಆರಂಭ ಎಂದರೆ ಬಳ್ಳಾರಿ ಸೀಮೆಯಲ್ಲಿ ಏನು ಎಂದು ನಿಮಗೇ ಗೊತ್ತು. ನಿಮ್ಮ 9ನೇ ಪುಟದಲ್ಲೇ ಇದೆ: ‘ಧಾತು ಈಶ್ವರ ಬರದಲ್ಲಿ ಮುತ್ತಜ್ಜ ಹಗೇವು (ನೆಲದೊಳಗಿನ ಕಣಜ) ತೆಗೆಸಿ ಊರಿಗೆಲ್ಲ ಜೋಳ ಹಂಚಿದರು.’ ಬರದ ಹೆಸರಿನಲ್ಲೇ ಧಾತು ಇದೆ (ಈಶ್ವರ ಅದರ ಮರುವರ್ಷ), ಕ್ರಯಪತ್ರದಲ್ಲೂ ಧಾತು ಇದೆ. ತಾರೀಖನ್ನು 60 ವರ್ಷ ಹಿಂದಕ್ಕೆ ಎಳೆದದ್ದರಿಂದ ನಿಮಗೆ ಎರಡೂ ಒಂದೇ ಕಾಲದವು ಎಂದು ಕಾಣಲಿಲ್ಲ. ಈಗ ಪತ್ರವನ್ನು ಮತ್ತೆ ಓದಿ. ಮೂವರು ಅಣ್ಣತಮ್ಮಂದಿರು 4 ಎಕರೆ ಎರೆ ಹೊಲವನ್ನು 32 ರೂಪಾಯಿಗೆ ಬರೆದುಕೊಟ್ಟಿದ್ದಾರೆ. ಅದರಲ್ಲಿ 11 ರೂಪಾಯಿ ‘ಜೋಳದ ಬಾಕಿಗೆ ಮುರಿದುಕೊಂಡದ್ದು’. ಹಗೇವಿನ ಜೋಳ ಹಂಚಿದ್ದೂ ನಿಜವಿರಬಹುದು, ಬಾಕಿ ಬರೆದದ್ದೂ ನಿಜವಿರಬಹುದು. ಒಬ್ಬನೇ ಮನುಷ್ಯ ಎರಡನ್ನೂ ಮಾಡಿರಬಹುದು. ನಿಮ್ಮ ಲೇಖನ ಇರುವುದು ಇಲ್ಲಿ; ಉಳಿದ 13 ಪುಟ ಇದರ ಸುತ್ತ ಕಟ್ಟಿದ ಬೇಲಿ.

ಆ ಜನವರಿಯಲ್ಲೇ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಬರದ ಉಸ್ತುವಾರಿಗೆಂದು ಮದರಾಸು ಪ್ರಾಂತಕ್ಕೆ ಬಂದು, ಬರಪರಿಹಾರ ಕಾಮಗಾರಿಯ ಆಳಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯ ಮತ್ತು ಒಂದಿಷ್ಟು ಚಿಲ್ಲರೆಗೆ ಇಳಿಸಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. 11 ರೂಪಾಯಿಯ ಜೋಳ ಆಗ ಏನು ತೂಗುತ್ತಿತ್ತು ಎಂಬುದನ್ನು ಇದರ ಪಕ್ಕ ಇಟ್ಟರೆ ಓದುಗನಿಗೆ ಯಾವ ವಿಶೇಷಣವೂ ಬೇಕಾಗುವುದಿಲ್ಲ.

ಕ್ರಯಪತ್ರದ ಕೊನೆಯಲ್ಲಿ ‘ಮೂವರ ಹೆಬ್ಬೆಟ್ಟು’ ಇದೆ ಎಂದಿದ್ದೀರಿ. ಅದು ಹೆಬ್ಬೆಟ್ಟಲ್ಲ. ಚಿತ್ರವನ್ನು ಹಿಗ್ಗಿಸಿ ನೋಡಿ: ಒಂದು ಓರೆ ಗೆರೆ, ಅದಕ್ಕೊಂದು ಅಡ್ಡ ಗೆರೆ, ಕೆಳಗೆ ಬಾಗಿದ ಮೊನೆ. ನೇಗಿಲು. ಸಹಿ ಬಾರದ ರೈತ ನೇಗಿಲು ಗೀಚಿ ನಿಶಾನಿ ಹಾಕುತ್ತಿದ್ದ. ಹೊಲ ಬಿಟ್ಟುಕೊಡುವ ಕಾಗದದ ಮೇಲೆ ಮೂರು ನೇಗಿಲು! ಮೂರನೆಯದು ಅರ್ಧಕ್ಕೇ ನಿಂತಿದೆ. ಇದನ್ನು ಕಂಡ ಹಾಗೆ ಬರೆಯಿರಿ, ‘ಹೃದಯ ಕಲಕುತ್ತದೆ’ ಎಂದು ಸೇರಿಸಬೇಡಿ.

ಮನ್ರೋ ವಿಚಾರ. ‘1831ರಲ್ಲಿ ಕಲೆಕ್ಟರ್ ಮನ್ರೋ ಸಾಹೇಬರು ಮುತ್ತಜ್ಜನಿಗೆ ಬೆಳ್ಳಿಯ ಎಲೆಡಬ್ಬಿ ಕೊಟ್ಟರು’ ಎಂದಿದ್ದೀರಿ. ಥಾಮಸ್ ಮನ್ರೋ ಈ ಸೀಮೆಯ ಕಲೆಕ್ಟರಾಗಿದ್ದದ್ದು 1800ರಿಂದ 1807ರವರೆಗೆ. ಆಮೇಲೆ ಮದರಾಸಿನ ಗವರ್ನರಾಗಿ, 1827ರ ಜುಲೈನಲ್ಲಿ ಪತ್ತಿಕೊಂಡದಲ್ಲಿ ಕಾಲರಾ ಬಂದು ತೀರಿಕೊಂಡ. ನಿಮ್ಮ ವಂಶವೃಕ್ಷದ ಪ್ರಕಾರ ಮುತ್ತಜ್ಜ ಹುಟ್ಟಿದ್ದೇ 1840ರ ಸುಮಾರಿಗೆ. ಸತ್ತ ಕಲೆಕ್ಟರು ಹುಟ್ಟದ ಶಾನುಭೋಗರಿಗೆ ಡಬ್ಬಿ ಕೊಟ್ಟಂತಾಯಿತು. ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟ ಸೀಮೆ ಇದು. ಯಾವ ದೊರೆ ಏನು ಕೊಟ್ಟರೂ ಅದು ಮನ್ರೋ ಲೆಕ್ಕಕ್ಕೇ ಹೋಗುತ್ತದೆ. ಮಾತನ್ನು ಬಿಡಬೇಡಿ, ‘ಮನೆಯಲ್ಲಿ ಹೀಗೆ ಹೇಳುತ್ತಾರೆ’ ಎಂದು ಬರೆದು, ಯಾಕೆ ಆಗಲಾರದು ಎಂದು ಒಂದು ಸಾಲು ಸೇರಿಸಿ.

‘ಬೆಂಗಳೂರಿಗೆ ಹೋಗಿ ಹುಡುಕಿದೆ, ಏನೂ ಸಿಗಲಿಲ್ಲ’ ಎಂದು ಬೇಸರಪಟ್ಟಿದ್ದೀರಿ. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಅದಕ್ಕೂ ಹಿಂದಿನ ಜಿಲ್ಲಾ ಕಚೇರಿ ಕಾಗದವನ್ನು ಚೆನ್ನೈನ ಎಗ್ಮೋರಿನ ಪತ್ರಾಗಾರದಲ್ಲಿ ಕೇಳಬೇಕು. ಅಲ್ಲಿ ನಿಮಗೆ ಮೊದಲು ಬೇಕಾದದ್ದು ನಿಮ್ಮೂರಿನ ಇನಾಂ ರಿಜಿಸ್ಟರ್. 1858ರಲ್ಲಿ ನೇಮಕವಾದ ಇನಾಂ ಕಮಿಷನ್ ಊರೂರಿನ ಇನಾಮುಗಳನ್ನು (ಕಂದಾಯ ಬಿಟ್ಟು ಅಥವಾ ಕಡಿಮೆ ಮಾಡಿ ಕೊಟ್ಟ ಜಮೀನುಗಳನ್ನು) ವಿಚಾರಿಸಿ ಬರೆದದ್ದು ಅದು. ಮೊದಲು ಪಡೆದವರು ಯಾರು, ಆಗ ಅನುಭವಿಸುತ್ತಿದ್ದವರು ಯಾರು, ಅವರ ವಯಸ್ಸೆಷ್ಟು, ಮೂಲದವರಿಗೆ ಏನಾಗಬೇಕು ಎಂದು ಅಡ್ಡಸಾಲಿನಲ್ಲಿ ಬರೆದಿರುತ್ತದೆ. ಒಂದೇ ಪುಟದಲ್ಲಿ ಮೂರು ತಲೆಮಾರು ಸಿಕ್ಕರೂ ಸಿಕ್ಕಿತು. ವಯಸ್ಸನ್ನು ಮಾತ್ರ ಅಂದಾಜಿಗೆ ಇಟ್ಟುಕೊಳ್ಳಿ: 40, 45, 50 ಎಂದು ದುಂಡಾಗಿ ಬರೆದಿರುತ್ತಾರೆ.

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಈ ಕ್ರಯ ಸಿಗದಿದ್ದರೆ ಪತ್ರ ಸುಳ್ಳು ಎಂದುಕೊಳ್ಳಬೇಡಿ. 100 ರೂಪಾಯಿಗಿಂತ ಕಡಿಮೆಯ ಕ್ರಯಕ್ಕೆ ಆಗ ನೋಂದಣಿ ಕಡ್ಡಾಯವಿರಲಿಲ್ಲ. ಬದಲಿಗೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅಡಂಗಲ್ (ಹೊಲವಾರು ಬೆಳೆ ಲೆಕ್ಕ), ಚಿಟ್ಟಾ (ರೈತವಾರು ಜಮೀನಿನ ಲೆಕ್ಕ) ಕೇಳಿ. ಅರ್ಜಿಯಲ್ಲಿ ಫಸಲಿಯನ್ನೂ ಹಳೆಯ ಸರ್ವೆ ನಂಬರನ್ನೂ ಬರೆಯಿರಿ. ಈಗಿನ ಪಹಣಿಯ ನಂಬರನ್ನಷ್ಟೇ ಕೊಟ್ಟರೆ ಬೇರೆ ಯಾರದೋ ಹೊಲ ಕೈಗೆ ಬಂದೀತು.

ಮುತ್ತಜ್ಜಿಯ ತವರು ಕೊಪ್ಪಳ ಎಂದು ಅರ್ಧ ಸಾಲಿನಲ್ಲಿ ಮುಗಿಸಿ, ಅದನ್ನೂ ‘ಬ್ರಿಟಿಷ್ ಆಡಳಿತ’ಕ್ಕೆ ಸೇರಿಸಿದ್ದೀರಿ. ಕೊಪ್ಪಳ ಇದ್ದದ್ದು ನಿಜಾಮರ ರಾಜ್ಯದಲ್ಲಿ, ಸಾಲಾರ್ ಜಂಗ್ ಮನೆತನದ ಜಾಗೀರು. ಅಲ್ಲಿನ ಕಾಗದ ಮೊದಲು ಫಾರಸಿ, ಆಮೇಲೆ ಉರ್ದು. ಹುಡುಕಬೇಕಾದ್ದು ಹೈದರಾಬಾದಿನ ತಾರ್ನಾಕಾದ ಪತ್ರಾಗಾರದಲ್ಲಿ. ನದಿಯಾಚೆಯ ರೂಪಾಯಿಯೂ ಬೇರೆ, ‘ಹಾಲಿ ಸಿಕ್ಕಾ’ ಎಂಬ ನಿಜಾಮರ ನಾಣ್ಯ. ಇಲ್ಲಿನ ರೂಪಾಯಿಗಿಂತ ಬೆಲೆ ಕಡಿಮೆ. ನಿಜಾಮರ ಕೊನೆಗಾಲದ ಫಸಲಿ ಅಕ್ಟೋಬರಿನಲ್ಲಿ ಆಜೂರ್ ತಿಂಗಳಿಂದ ಶುರುವಾಗುತ್ತಿತ್ತು. ತುಂಗಭದ್ರೆ ದಾಟಿದರೆ ವರ್ಷವೇ ಮೂರು ತಿಂಗಳು ಹಿಂದೆ!

ಹಣದ ಮಾತು ಬಂತು. ಲೆಕ್ಕ ಬರೆದ ಬಟ್ಟೆಯ ಕಡತದಲ್ಲಿ ‘5-12-8’ ಎಂದಿರುವುದನ್ನು ನೀವು 5.128 ಎಂದು ಓದಿ, ಒಟ್ಟು ಮೊತ್ತವನ್ನೂ ಹಾಗೇ ಕೂಡಿಸಿದ್ದೀರಿ. ಅದು 5 ರೂಪಾಯಿ, 12 ಆಣೆ, 8 ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಈಗಿನ ಲೆಕ್ಕದಲ್ಲಿ 5 ರೂಪಾಯಿ 79 ಪೈಸೆ. 11ನೇ ಪುಟದ ಕೋಷ್ಟಕ ಪೂರ್ತಿ ಹೊಸದಾಗಿ ಮಾಡಬೇಕು.

ಕಡತದ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇವೆ. 3ನೇ ಫೋಟೋದಲ್ಲಿ ಒದ್ದೆ ಬಟ್ಟೆ ಎಳೆದ ಗುರುತು ಕಾಣುತ್ತಿದೆ. ದಯವಿಟ್ಟು ನಿಲ್ಲಿಸಿ. ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ ಮಡಿಸಿದ್ದು, ಬರೆದದ್ದು ಬಳಪದಲ್ಲಿ. ಅಳಿಸಿ ಮತ್ತೆ ಬರೆಯಲೆಂದೇ ಮಾಡಿದ ವಸ್ತು ಅದು, ನೀರು ತಗುಲಿದರೆ ಅಳಿಸಿಯೇ ಹೋಗುತ್ತದೆ. ಅಂಟಿನ ಸರಿ ನೆನೆದು ಮಡಿಕೆಗಳು ಅಂಟಿಕೊಂಡರೆ ಬಿಡಿಸುವಾಗ ಪೊರೆ ಎದ್ದು ಬರುತ್ತದೆ. ಒಣ ಮೆತ್ತನೆ ಕುಂಚದಿಂದ ಧೂಳು ಸರಿಸಿ. ಫ್ಲ್ಯಾಶ್ ಹಾಕಬೇಡಿ, ಕಪ್ಪು ಮೈ ಹೊಳೆದು ಅಕ್ಷರ ಮುಚ್ಚಿಹೋಗುತ್ತದೆ. ಬೆಳಗಿನ ಬೆಳಕು ಕಿಟಕಿಯಿಂದ ಅಡ್ಡಲಾಗಿ ಬೀಳುವಾಗ ತೆಗೆಯಿರಿ. ಉಜ್ಜಿಹೋದ ಬಳಪದ ಗೀರೂ ಆಗ ಕಂಡೀತು. ಒಂದೊಂದು ಮಡಿಕೆಗೂ ನಂಬರಿನ ಚೀಟಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ. ಖಾಲಿ ಮಡಿಕೆಯನ್ನೂ ಬಿಡಬೇಡಿ. ಕ್ರಯಪತ್ರಕ್ಕೆ ಲ್ಯಾಮಿನೇಷನ್ ಮಾಡಿಸುವ ಯೋಚನೆ ಇದ್ದರೆ ಕೈಬಿಡಿ.

5 ಮತ್ತು 6ನೇ ಫೋಟೋಗಳನ್ನು ‘ಓದಲಾಗದ ಗುಪ್ತಲಿಪಿ’ ಎಂದಿದ್ದೀರಿ. ಗುಪ್ತವೇನಿಲ್ಲ, ಮರಾಠಿಯನ್ನು ಬರೆಯುತ್ತಿದ್ದ ಮೋಡಿ ಲಿಪಿ. ಮೇಲೆ ಉದ್ದಕ್ಕೆ ಗೆರೆ ಎಳೆದು ಅದಕ್ಕೆ ಅಕ್ಷರಗಳನ್ನು ಜೋತುಬಿಟ್ಟಂತಿದೆ, ಪದಗಳ ನಡುವೆ ಬಿಡುವಿಲ್ಲ. ಭಾಷೆ ಮರಾಠಿ. ಓದಬಲ್ಲವರು ಈಗಲೂ ಇದ್ದಾರೆ, ಫೋಟೋ ಸ್ಪಷ್ಟವಿರಲಿ.

ವಂಶವೃಕ್ಷದಲ್ಲಿ 23 ಗಂಡಸರು, ಒಬ್ಬ ಹೆಂಗಸೂ ಇಲ್ಲ. ಶ್ರಾದ್ಧದ ತಿಥಿ ಬರೆದಿಟ್ಟ ಪುಸ್ತಕ ಮನೆಯಲ್ಲಿ ಇದ್ದೀತು. ಅಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯ ಹೆಸರಿಲ್ಲದೆ ಕೆಲಸ ನಡೆಯುವುದಿಲ್ಲ.

ಆ ಮೂವರು ಅಣ್ಣತಮ್ಮಂದಿರ ಕಡೆಯವರನ್ನೂ ಹುಡುಕಿ. ಅವರ ಮನೆತನಕ್ಕೆ ವಂಶಾವಳಿ ಹೇಳುವ ಹೆಳವರು ಬರುತ್ತಿದ್ದರೆ ಆ ಹೆಳವರ ಚೋಪಡಿಯಲ್ಲಿ (ದಾಖಲೆ ಪುಸ್ತಕದಲ್ಲಿ) ಯಾರ ಮಗ ಯಾರು, ಯಾವಾಗ ಊರು ಬಿಟ್ಟರು, ಎಲ್ಲಿಗೆ ಹೋದರು ಎಂಬುದು ಇರುತ್ತದೆ. ತಾರೀಖಿಗೆ ಅದನ್ನು ನೆಚ್ಚಬೇಡಿ. ಸಂಬಂಧಕ್ಕೆ, ವಲಸೆಗೆ ನೆಚ್ಚಬಹುದು.

ತಿದ್ದಿದ ಲೇಖನ 5 ಪುಟ ಮೀರದಿರಲಿ, ಕ್ರಯಪತ್ರದಿಂದ ಶುರುವಾಗಲಿ. ಅದಕ್ಕೂ ಮುಂಚೆ ಒಂದು ಕೆಲಸ: ಆ ಹಾಳೆಯ ಹಿಂಬದಿಯ ಫೋಟೋ ಕಳಿಸಿ. ಛಾಪಾಕಾಗದ ಮಾರಿದವನು ಯಾವ ದಿನ, ಯಾರಿಗೆ ಮಾರಿದೆ ಎಂದು ಹಿಂದುಗಡೆ ಬರೆದು ಸಹಿ ಹಾಕಿರುತ್ತಾನೆ. ಕಾಗದ ಕೊಂಡವರು ಆ ಅಣ್ಣತಮ್ಮಂದಿರೋ, ನಿಮ್ಮ ಮುತ್ತಜ್ಜನೋ ಎಂಬುದು ಅಲ್ಲಿದೆ.

ಸಂಪಾದಕರು