ಹೆಣ್ಣು ಸಿಗಲಿ ಅಂತ ಊರು ಬಿಡಬೇಕಾ?

(ಗುರುತು ಸಿಗದ ಹಾಗೆ ಹೆಸರು, ವಯಸ್ಸು ಮತ್ತು ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ.)

ಮಂಜುನಾಥ ಎಂದು ಕರೆಯೋಣ. ವಯಸ್ಸು 36. ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನಾಚೆಯ ಒಂದು ಊರು. ಬಿ.ಕಾಂ. ಆಗಿದೆ. ಎರಡು ಎಕರೆ ಅಡಿಕೆ ತೋಟ. ಮನೆಯಲ್ಲಿ ಅಪ್ಪಯ್ಯ, ಅಮ್ಮ. ಅಕ್ಕನನ್ನು ಹೊಸನಗರದ ಕಡೆ ಕೊಟ್ಟಿದ್ದಾರೆ. ಆಪ್ತಸಲಹೆಗೆಂದು ಶಿವಮೊಗ್ಗಕ್ಕೆ ನನ್ನನ್ನು ನೋಡಲು ಬಂದಾಗ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಹಾಳೆಯ ಮಧ್ಯೆ ಗೆರೆ ಎಳೆದು ಈ ಕಡೆ ‘ಊರು’, ಆ ಕಡೆ ‘ಬೆಂಗಳೂರು’ ಎಂದು ಬರೆದುಕೊಂಡಿದ್ದರು.

“ಇದನ್ನ ನೋಡಿ ಹೇಳಿ ಮೇಡಂ. ಹೋಗಬೇಕಾ, ಬೇಡ್ವಾ?”

ಪಟ್ಟಿ ಅಚ್ಚುಕಟ್ಟಾಗಿಯೇ ಇತ್ತು. ಅಡಿಕೆಯ ಎಲೆಚುಕ್ಕಿ ರೋಗ, ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರು ಸಿಗದಿರುವುದು, ಅಪ್ಪಯ್ಯನ ಬಿ.ಪಿ., ಗೆಳೆಯ ಕೊಡಿಸುತ್ತೇನೆ ಎಂದ ಅಕೌಂಟ್ಸ್ ಕೆಲಸ, ತಿಂಗಳಿಗೆ 30,000 ಸಂಬಳ, ಬಾಡಿಗೆ, ಟ್ರಾಫಿಕ್. ಮದುವೆ ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ. ಅದು ಬಾಯಿಗೆ ಬಂದಿದ್ದು ಮುಕ್ಕಾಲು ಗಂಟೆ ಮಾತಾದ ಮೇಲೆ, ಎದ್ದು ಹೊರಡುವ ಹೊತ್ತಿಗೆ.

“ನಮ್ಮತ್ತೆ ಹೇಳ್ತಾರೆ, ಒಂದೆರಡು ವರ್ಷ ಬೆಂಗಳೂರಲ್ಲಿ ಇರು, ಮದುವೆ ಒಂದು ಆಗ್ಲಿ, ಆಮೇಲೆ ವಾಪಸ್ ಬಂದ್ರಾಯ್ತು ಅಂತ.”

ಕೂತುಕೊಳ್ಳಿ ಎಂದೆ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟ ನೋಡಿಕೊಂಡು ಊರಲ್ಲಿರುವ ಹುಡುಗ ಎಂದರೆ ಜಾತಕವೇ ಮುಂದೆ ಹೋಗುವುದಿಲ್ಲ. ಅದೇ ಹುಡುಗ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದರೆ ಮಾತುಕತೆಗಾದರೂ ಬರುತ್ತಾರೆ. ಮಂಜುನಾಥರಿಗೆ ಹನ್ನೆರಡು ಸಂಬಂಧ ನೋಡಿ ಆಗಿತ್ತು. ಎಲ್ಲಿ ಮದುವೆಗೆ ಹೋದರೂ “ನಿಂದು ಯಾವಾಗ ಮಾರಾಯ?” ಅನ್ನುವ ಪ್ರಶ್ನೆ. ಆ ವರ್ಷ ಸ್ವಂತ ದೊಡ್ಡಪ್ಪನ ಮಗಳ ಮದುವೆಗೂ ಹೋಗಿರಲಿಲ್ಲ. ರಾತ್ರಿ ಎರಡು ಗಂಟೆಯವರೆಗೂ ನಿದ್ದೆ ಬರುತ್ತಿರಲಿಲ್ಲ.

ಸಾಯೋಣ ಅನ್ನಿಸಿದ್ದುಂಟಾ ಎಂದು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಆಗುತ್ತೆ ಎಂದು ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಇಲ್ಲ ಎಂದರು. ಆದರೂ 14416 ನಂಬರನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆಸಿದೆ. ಅದು ಟೆಲಿ-ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಾಗಿಲ್ಲ.

ಇಪ್ಪತ್ತೈದರ ಆಸುಪಾಸಿನಲ್ಲಿ ಮಂಜುನಾಥ ಮೂರು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿದ್ದರು. ಅಪ್ಪಯ್ಯ ಮನೆ ಮಾಡು ಹತ್ತಿ ಬಿದ್ದು ಕಾಲು ಮುರಿದುಕೊಂಡಾಗ ವಾಪಸ್ ಬಂದವರು ಮತ್ತೆ ಹೋಗಲಿಲ್ಲ. ಅಲ್ಲಿ ಏನು ಇಷ್ಟವಾಗಿತ್ತು ಎಂದು ಕೇಳಿದೆ. ಸಂಬಳ ಅನ್ನುತ್ತಾರೆ ಅಂದುಕೊಂಡಿದ್ದೆ.

“ಅಲ್ಲಿ ಯಾರೂ ಏನೂ ಕೇಳಲ್ಲ ಮೇಡಂ.”

ಹಾಗಾದರೆ ಅವರು ಹೊರಡಬೇಕು ಅಂದುಕೊಂಡಿದ್ದು ದುಡ್ಡಿಗೆ ಒಂದು ಪಾಲು, ಹೆಣ್ಣಿಗೆ ಒಂದು ಪಾಲು, ಜನರ ಬಾಯಿಂದ ತಪ್ಪಿಸಿಕೊಳ್ಳೋಕೆ ಒಂದು ಪಾಲು. ಈ ಮೂರನ್ನೂ ‘ಬೆಂಗಳೂರು’ ಅನ್ನುವ ಒಂದೇ ಚೀಲಕ್ಕೆ ತುಂಬಿಟ್ಟರೆ ತೂಗೋದು ಹೇಗೆ? ಒಂದೊಂದನ್ನೇ ಹೊರಗೆ ತೆಗೆಯೋಣ ಎಂದೆ.

ದುಡ್ಡಿನ ವಿಷಯ ಬೇಗ ಮುಗಿಯಿತು. ಲೆಕ್ಕದ ಹುಡುಗ. ಹಿಂದಿನ ವರ್ಷ ಎಲೆಚುಕ್ಕಿ ಬಿದ್ದು ಫಸಲು ಹನ್ನೊಂದು ಕ್ವಿಂಟಾಲಿಗೆ ಇಳಿದಿತ್ತು. ರಾಶಿ ಅಡಿಕೆಗೆ ಒಳ್ಳೇ ದರ ಇತ್ತು. ಔಷಧಿ, ಕೊಯ್ಲು, ಸುಲಿಸಿದ್ದು, ಗೊಬ್ಬರ ಎಲ್ಲ ಕಳೆದು ಎರಡೂಮುಕ್ಕಾಲು ಲಕ್ಷ ಉಳಿದಿತ್ತು. ಬೆಂಗಳೂರಿನಲ್ಲಿ ಗೆಳೆಯನ ಜೊತೆ ರೂಮಿನಲ್ಲಿದ್ದರೆ ತಿಂಗಳಿಗೆ ಹತ್ತು ಸಾವಿರ ಉಳಿದೀತು. ಮದುವೆಯಾಗಿ ಬೇರೆ ಮನೆ ಮಾಡಿದರೆ ಅಡ್ವಾನ್ಸು, ಬಾಡಿಗೆ ಎಂದು ಅದೂ ಉಳಿಯುವುದಿಲ್ಲ. ತೋಟವನ್ನು ಬೇರೆಯವರ ಕೈಗೆ ಕೊಟ್ಟರೆ ಅಲ್ಲಿಯ ಆದಾಯ ಕಡಿಮೆಯಾಗುವುದು ಬೇರೆ. ದುಡ್ಡಿಗಾಗಿ ಹೋಗುವ ಮಾತು ಅಲ್ಲಿಗೇ ಬಿತ್ತು.

ಹೆಣ್ಣಿನ ವಿಷಯ ಅಷ್ಟು ಸುಲಭ ಇರಲಿಲ್ಲ. ಹನ್ನೆರಡೂ ಸಂಬಂಧಗಳ ಮುಂದೆ ಅವರ ಮನಸ್ಸಿನಲ್ಲಿ ಒಂದೇ ಷರಾ ಇತ್ತು: ‘ಊರು ಅಂತ ಬೇಡ ಅಂದ್ರು.’ ಒಂದೊಂದೇ ಹೇಳಿ ಎಂದೆ. ಕೆಲವು ಜಾತಕಕ್ಕೇ ನಿಂತಿದ್ದವು. ಎರಡು ಮೂರು ನಿಜವಾಗಿಯೂ ಊರು ಅನ್ನುವ ಕಾರಣಕ್ಕೆ. ಒಂದು ಮಾತ್ರ ನನ್ನ ಕಿವಿ ನಿಮಿರಿಸಿತು. ಸಾಗರದಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಹುಡುಗಿ. ಫೋನಿನಲ್ಲಿ ತಾನೇ ಮಾತಾಡಿದ್ದಳು. ಮದುವೆಯಾದ ಮೇಲೆ ಕೆಲಸ ಬಿಡಬೇಕಾ, ರಾತ್ರಿ ಹುಷಾರು ತಪ್ಪಿದರೆ ಏನು ಮಾಡ್ತೀರಿ, ನನ್ನ ಕೈಖರ್ಚಿಗೆ ಯಾರನ್ನ ಕೇಳಬೇಕು ಎಂದು ಕೇಳಿದ್ದಳು.

“ನೀವು ಏನು ಹೇಳಿದ್ರಿ?”

“ಅಮ್ಮನ್ನ ಕೇಳಿ ಹೇಳ್ತೀನಿ ಅಂದೆ.”

ಆಮೇಲೆ ಅವರೇ ಸ್ವಲ್ಪ ನಕ್ಕರು.

ಮದುವೆಮನೆ ಪಂಕ್ತಿಯಲ್ಲಿ ಕೂತರೆ ‘ಈಗಿನ ಹುಡುಗಿಯರಿಗೆ ದುರಾಸೆ’ ಅನ್ನುವ ಮಾತು ಪಾಯಸ ಬರುವುದರೊಳಗೆ ನಾಲ್ಕು ಸಲ ಕಿವಿಗೆ ಬೀಳುತ್ತೆ. ನಾನು ಒಪ್ಪುವುದಿಲ್ಲ. ನನ್ನ ಹತ್ತಿರ ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಬೇಡ ಅನ್ನುವುದು ಮಳೆಯನ್ನಲ್ಲ, ಗುಡ್ಡವನ್ನೂ ಅಲ್ಲ. ತಮ್ಮ ಅಮ್ಮಂದಿರು ಆ ಮನೆಗಳಲ್ಲಿ ಸೊಸೆಯಾಗಿ ಬದುಕಿದ ರೀತಿಯನ್ನು. ಆ ಹುಡುಗಿ ಫೋನ್ ಮಾಡಿದ ಕಾಲಕ್ಕೆ ಸೇತುವೆ ಆಗಿರಲಿಲ್ಲ, ಹಿನ್ನೀರು ದಾಟಿಸಲು ಇನ್ನೂ ಲಾಂಚ್ ಇತ್ತು. ಸಂಜೆ ಕೊನೆಯ ಲಾಂಚ್ ಹೋದ ಮೇಲೆ ಹೊಳೆ ದಾಟುವ ಹಾಗಿಲ್ಲ. ರಾತ್ರಿಯ ವಿಷಯ ಕೇಳಿದ್ದು ತಪ್ಪಾ? ಅದಕ್ಕೆ ಮಂಜುನಾಥರ ಹತ್ತಿರ ಉತ್ತರ ಇರಲಿಲ್ಲ. ಉಳಿದ ಎರಡಕ್ಕೆ ಇರಬಹುದಿತ್ತು. ಬೆಂಗಳೂರಿಗೆ ಹೋದರೂ ಆ ಎರಡು ಪ್ರಶ್ನೆಗೆ ಇದೇ ಉತ್ತರ ಕೊಡ್ತೀರಾದರೆ ಬಸ್ ಚಾರ್ಜು ದಂಡ ಎಂದೆ.

ಅತ್ತೆಯ ಉಪಾಯದ ಬಗ್ಗೆ ಮಾತ್ರ ನಾನು ಮೆತ್ತಗೆ ಮಾತಾಡಲಿಲ್ಲ. ವಾಪಸ್ ಬರುವ ಯೋಚನೆ ಒಳಗೆ ಇಟ್ಟುಕೊಂಡು, ಬೆಂಗಳೂರಿನ ಕೆಲಸ ತೋರಿಸಿ ಮದುವೆಯಾಗುವುದು ಎಂದರೆ ಇನ್ನೊಬ್ಬಳ ಬದುಕನ್ನು ಅವಳಿಗೆ ಹೇಳದೆ ನಾವೇ ತೀರ್ಮಾನ ಮಾಡಿದ ಹಾಗೆ. ಎರಡು ವರ್ಷದ ನಂತರ ಅವಳು ಬ್ಯಾಗು ಹಿಡಿದು ನನ್ನಂಥವರ ಮುಂದೆ ಕೂತಿರುತ್ತಾಳೆ. ಅಂಥವರನ್ನು ನೋಡಿದ್ದೇನೆ. ಇದನ್ನು ಹೇಳಿದಾಗ ಮಂಜುನಾಥ ಬಹಳ ಹೊತ್ತು ಮಾತಾಡಲಿಲ್ಲ. ಆ ಯೋಚನೆ ತನಗೂ ಹಿಡಿಸಿರಲಿಲ್ಲ, ಬೇಡ ಅನ್ನಲು ಧೈರ್ಯ ಸಾಲಲಿಲ್ಲ ಎಂದರು.

ಎರಡನೇ ಸಲ ಅಪ್ಪಯ್ಯನನ್ನು ಕರೆದುಕೊಂಡು ಬಂದರು. ಎಪ್ಪತ್ತರ ಹಿರಿಯರು. ಬಂದು ಕೂತವರೇ ಹೇಳಿದರು:

“ಅರವತ್ತು ವರ್ಷ ಸೇತುವೆಗೆ ಕಾದ್ವಿ. ಈಗ ಸೇತುವೆ ಆಯ್ತು. ಇವನು ಅದರ ಮೇಲೇ ಊರು ಬಿಟ್ಟು ಹೋಗ್ತಾನಂತೆ.”

ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಅದರ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈನಲ್ಲಿ. ಹಿರಿಯರ ಲೆಕ್ಕ ಸರಿಯಾಗಿಯೇ ಇತ್ತು. ನೀರು ಬಂದಾಗ ಅವರಿನ್ನೂ ಶಾಲೆಗೆ ಹೋಗುವ ಹುಡುಗ. ಗದ್ದೆ, ತೋಟ ಎಲ್ಲ ಮುಳುಗಿತು. ಮನೆಯ ಹಂಚು, ಕಂಬ ಬಿಚ್ಚಿ ಗಾಡಿಗೆ ಹೇರಿಕೊಂಡು ಮೇಲೆ ಗುಡ್ಡದ ಜಾಗಕ್ಕೆ ಬಂದರು. ಅಲ್ಲಿ ಅವರ ಅಪ್ಪ ಹೊಸದಾಗಿ ಅಡಿಕೆ ಸಸಿ ನೆಟ್ಟರು. ನೆಟ್ಟು ಐದಾರು ವರ್ಷ ಕಾಯದೆ ಅಡಿಕೆ ಫಸಲು ಕಾಣುವುದಿಲ್ಲ. ಅಷ್ಟು ವರ್ಷ ಕೂಲಿ ಮಾಡಿದರು. ಇವತ್ತಿಗೂ ಅವರ ಜಮೀನಿನಲ್ಲಿ ಒಂದು ತುಂಡಿಗೆ ಹಕ್ಕುಪತ್ರ ಇಲ್ಲ. ಮುಳುಗಡೆಯವರ ಆ ಗೋಳು ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ.

ಅವರ ಹೆದರಿಕೆ ಮಗನ ಮೇಲಿನ ಪ್ರೀತಿ ಒಂದೇ ಅಲ್ಲ. ಮನೆಯಲ್ಲಿ ಗಂಡುದಿಕ್ಕು ಇಲ್ಲದಿದ್ದರೆ ಜಾಗ ಕೈಬಿಟ್ಟು ಹೋಗುತ್ತೆ ಅನ್ನುವುದು. ಇದಕ್ಕೆ ಸಮಾಧಾನದ ಮಾತು ಸಾಲದು. ದಾಖಲೆ ತೆಗೆದುಕೊಂಡು ಸಾಗರದಲ್ಲಿ ವಕೀಲರನ್ನು ನೋಡಿ ಎಂದೆ. ಮಗನ ಕಡೆ ತಿರುಗಿ, ಹೋಗೋದಾದರೆ ಈ ಕೆಲಸ ಮುಗಿಸಿ ಹೋಗಿ ಎಂದೆ. ಹಿರಿಯರಿಗೆ ಇನ್ನೊಂದು ಮಾತು ಹೇಳಿದೆ. ಅವತ್ತು ನಿಮ್ಮನ್ನು ಯಾರೂ ಕೇಳಲಿಲ್ಲ, ನೀರು ಎಬ್ಬಿಸಿತು. ಇವತ್ತು ಮಗ ನಿಮ್ಮನ್ನು ಕೇಳ್ತಾ ಇದ್ದಾನೆ, ವಾಪಸ್ ಬರೋ ದಾರಿಯೂ ಇದೆ. ಅವರು ಒಪ್ಪಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ.

ಅಮ್ಮನನ್ನು ಫೋನಿನಲ್ಲಿ ಮಾತಾಡಿಸಿದೆ. “ಅವನು ರಾತ್ರಿ ಮಲಗಲ್ಲ. ಎಲ್ಲಾದ್ರೂ ಹೋಗಿ ನಿದ್ದೆ ಮಾಡ್ಲಿ” ಎಂದರು. ಅಷ್ಟೇ.

ಸಲಹೆ ಕೊಡುವಾಗ ನಾನು ಒಂದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ತಿರುಗಿಸಲು ಬರುವ ಹೆಜ್ಜೆ ಯಾವುದು, ಬಾರದ್ದು ಯಾವುದು ಎಂದು ಮೊದಲು ನೋಡಿಕೊಳ್ಳಿ. ಬೆಂಗಳೂರಿನ ಕೆಲಸ ಬೇಡವಾದರೆ ಬಿಡಬಹುದು. ಮಾರಿದ ತೋಟ ಬರುವುದಿಲ್ಲ. ಒಂದು ಮಳೆಗಾಲ ಬೋರ್ಡೋ ಔಷಧಿ ಹೊಡೆಯದೆ ಬಿಟ್ಟರೆ ಕೊಳೆರೋಗ ಬಂದು ಆ ವರ್ಷದ ಫಸಲೇ ಹೋಗುತ್ತೆ. ಅದಕ್ಕೇ ಒಂದು ವರ್ಷ ಮಾರುವ ಮಾತು ಬೇಡ, ಪಾಲಿನ ಮಾತೂ ಬೇಡ. ಜಮೀನು ಗೇಣಿಗೆ ಕೊಡುವ ಯೋಚನೆಯಂತೂ ಬೇಡವೇ ಬೇಡ. 1974ರ ಭೂಸುಧಾರಣೆಯಿಂದೀಚೆಗೆ ನಮ್ಮ ರಾಜ್ಯದಲ್ಲಿ ಹೊಸದಾಗಿ ಗೇಣಿ ಕೊಡಲು ಕಾನೂನೇ ಬಿಡುವುದಿಲ್ಲ. ಗೇಣಿದಾರರ ಕಾಗೋಡು ಚಳವಳಿ ನಡೆದ ತಾಲ್ಲೂಕಿನವರಿಗೆ ಇದನ್ನು ನಾನು ಹೇಳಬೇಕಾ! ಫಸಲನ್ನು ಮರದಲ್ಲಿದ್ದ ಹಾಗೆಯೇ ಒಂದು ವರ್ಷಕ್ಕೆ ಚೇಣಿ ಕೊಡುವುದು, ಅಂದರೆ ಫಸಲನ್ನಷ್ಟೇ ಗುತ್ತಿಗೆಗೆ ಕೊಡುವುದು, ಬೇರೆ. ಅದನ್ನೂ ವಕೀಲರಿಗೆ ತೋರಿಸಿ ಬರೆಸಿಕೊಳ್ಳಿ ಎಂದೆ.

ಆಮೇಲೆ, ಹೋಗಿ ನೋಡದೆ ತೂಗುವುದು ಸಾಕು ಎಂದೆ. ತೋಟಕ್ಕೂ ಒಂದು ಬಿಡುವಿನ ಕಾಲ ಇರುತ್ತೆ. ಎರಡನೇ ಔಷಧಿ ಆದ ಮೇಲೆ, ಕೊಯ್ಲು ಶುರುವಾಗುವ ಮೊದಲು. ಚೌತಿ ಮುಗಿಸಿ ಹೋಗಿ, ದೀಪಾವಳಿಗೆ ಬನ್ನಿ. ಅಷ್ಟರಲ್ಲಿ ಎಷ್ಟು ನಿದ್ದೆ ಬಂತು, ಎಷ್ಟು ದುಡ್ಡು ಉಳಿಯಿತು, ಊರಿನ ಯಾವುದು ನೆನಪಾಯಿತು, ಯಾವುದು ನೆನಪೇ ಆಗಲಿಲ್ಲ ಎಂದು ಬರೆದಿಡಿ. ಹೋಗುವ ಮೊದಲು ಅಪ್ಪಯ್ಯನಿಗೆ ರಾತ್ರಿ ಎದೆನೋವು ಬಂದರೆ ಗಾಡಿ ಯಾರದ್ದು, ಜೊತೆಗೆ ಯಾರು, ಅಕ್ಕ ಎಷ್ಟು ಹೊತ್ತಿಗೆ ಬರಬಹುದು ಎಂದು ಕಾಗದದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿ.

ಸಾಗರದಲ್ಲೋ ಶಿವಮೊಗ್ಗದಲ್ಲೋ ಯಾಕೆ ಕೆಲಸ ನೋಡಬಾರದು ಎಂದೂ ಕೇಳಿದೆ. ನನ್ನ ಮನಸ್ಸು ಅದರ ಕಡೆಗೇ ಇತ್ತು ಎಂದು ಮುಚ್ಚಿಡುವುದಿಲ್ಲ. ಸೇತುವೆ ಆದ ಮೇಲೆ ಸಾಗರಕ್ಕೆ ದಿನಾ ಬೈಕಿನಲ್ಲಿ ಹೋಗಿ ಬರಬಹುದು. ಸಾಗರದಲ್ಲಿ 14,000 ಹೇಳಿದ್ದರಂತೆ. “ಅಲ್ಲಿ ಎಲ್ಲರಿಗೂ ನಾನು ಗೊತ್ತು ಮೇಡಂ” ಎಂದರು. ಅದು ಸಂಬಳದ ಮಾತಲ್ಲ ಅಂತ ಇಬ್ಬರಿಗೂ ಅರ್ಥವಾಯಿತು. ಒತ್ತಾಯ ಮಾಡಲಿಲ್ಲ.

ಹೋದರು. ಮೊದಲ ವಾರ ದಿನಕ್ಕೆ ಮೂರು ಸಲ ಮನೆಗೆ ಫೋನು. ಸೆಪ್ಟೆಂಬರಿನಲ್ಲಿ ಮಳೆ ಬಿಡದೆ ಹೊಯ್ದು ಕೊಳೆ ಕಾಣಿಸಿಕೊಂಡಾಗ ಅಪ್ಪಯ್ಯ ಇವರಿಗೆ ಹೇಳದೆಯೇ ಪಕ್ಕದ ಮನೆಯವರ ದೋಟಿ (ಉದ್ದನೆಯ ಕೋಲು) ತರಿಸಿ, ಜನ ಹಿಡಿದು, ಇನ್ನೊಂದು ಸಲ ಔಷಧಿ ಹೊಡೆಸಿದರು. ಗೊತ್ತಾದಾಗ ಮಂಜುನಾಥರಿಗೆ ಸಿಟ್ಟು. ಯಾಕೆ ಸಿಟ್ಟು ಎಂದು ಫೋನಿನಲ್ಲಿ ಕೇಳಿದೆ. ತಾನಿಲ್ಲದೆಯೂ ತೋಟ ನಡೆಯುತ್ತೆ ಅನ್ನುವುದು ಒಂದು ಕಡೆ ಹಗುರ, ಇನ್ನೊಂದು ಕಡೆ ನೋವು ಎಂದರು. ಇಷ್ಟು ವರ್ಷ ‘ನಾನು ಬಿಟ್ಟರೆ ಎಲ್ಲ ಹಾಳು’ ಅನ್ನುವ ನಂಬಿಕೆಯ ಮೇಲೆ ನಿಂತಿದ್ದವರಿಗೆ ಇದು ಸಣ್ಣ ವಿಷಯವಲ್ಲ.

ದೊಡ್ಡಹಬ್ಬಕ್ಕೆ, ಅಂದರೆ ದೀಪಾವಳಿಗೆ, ಬಂದಾಗ ಮನೆಯವರೆಲ್ಲ ಕೂತು ಮಾತಾಡಿದರು. ಆ ವರ್ಷದ ಫಸಲು ಮಾತ್ರ ಚೇಣಿಗೆ. ಮಂಜುನಾಥ ಬೆಂಗಳೂರಿಗೆ ವಾಪಸ್. ಮುಂದಿನ ಮಳೆಗಾಲಕ್ಕೆ ಮೊದಲು ಮತ್ತೆ ಕೂತು ನೋಡುವುದು. ನಿದ್ದೆ ಬರುತ್ತಿದೆ. ‘ನಿಂದು ಯಾವಾಗ?’ ಎಂದು ಕೇಳಿದವರಿಗೆ “ಗೊತ್ತಾದ ದಿನ ಮೊದಲು ನಿಮಗೇ ಹೇಳ್ತೀನಿ” ಎಂದು ನಕ್ಕು ಎದ್ದು ಹೋಗುವುದನ್ನು ನಾವಿಬ್ಬರೂ ಅಭ್ಯಾಸ ಮಾಡಿದ್ದೆವು. ಹಬ್ಬದಲ್ಲಿ ಅದು ಉಪಯೋಗಕ್ಕೆ ಬಂತಂತೆ. ಹಕ್ಕುಪತ್ರದ ಕೆಲಸ ಇನ್ನೂ ನಡೆಯುತ್ತಿದೆ.

ಆಮೇಲೆ ಎರಡು ಸಂಬಂಧ ಬಂದವು. ನಾಲ್ಕೈದು ವರ್ಷದಲ್ಲಿ ಊರಿಗೆ ವಾಪಸ್ ಹೋಗುವ ಮನಸ್ಸಿದೆ ಎಂದು ಎರಡೂ ಕಡೆ ಮೊದಲೇ ಹೇಳಿದರು. ಅತ್ತೆಗೆ ಸಿಟ್ಟು ಬಂತು. ಒಂದು ಮನೆಯವರು ಅಲ್ಲೇ ಬಿಟ್ಟರು. ಇನ್ನೊಂದು ಹುಡುಗಿಗೆ ಶಿವಮೊಗ್ಗದಲ್ಲಿ ಕೆಲಸ. “ಬೆಂಗಳೂರೇ ಯಾಕೆ, ಶಿವಮೊಗ್ಗ ಆಗಲ್ವಾ?” ಎಂದು ಕೇಳಿದಳಂತೆ. ಏನು ಹೇಳಲಿ ಎಂದು ಮಂಜುನಾಥ ನನಗೆ ಫೋನ್ ಮಾಡಿದರು. ನನ್ನನ್ನು ಕೇಳಬೇಡಿ, ಅಮ್ಮನನ್ನೂ ಕೇಳಬೇಡಿ, ಅವರ ಜೊತೆಗೇ ಒಂದು ಸಂಜೆ ಕೂತು ಮಾತಾಡಿ ಎಂದೆ.