ಲೇಸರ್ ಎಷ್ಟು ಬಿಡಬೇಕು ಅಂತ ಮಿಷನ್ನಿಗೇ ಗೊತ್ತಾಗಲ್ವಾ?

ಪ್ರಶ್ನೆ: ಶುಗರ್‌ನಿಂದ ರೆಟಿನಾ ಹಾಳಾಗುತ್ತಿದೆ ಅಂತ ಅಮ್ಮನಿಗೆ ಲೇಸರ್ ಮಾಡಿಸಿದೆವು. ಡಾಕ್ಟರು ನಡುನಡುವೆ ‘ಪವರ್ ಇಳಿಸಿ’, ‘ಸ್ವಲ್ಪ ಏರಿಸಿ’ ಅಂತ ಸಿಸ್ಟರ್‌ಗೆ ಹೇಳುತ್ತಲೇ ಇದ್ದರಂತೆ. ಅಷ್ಟು ದುಬಾರಿ ಮಿಷನ್ನು, ಅದೇ ನೋಡಿಕೊಳ್ಳಬಾರದಾ? ಕೆಲವು ಏಟಿಗೆ ಮಾತ್ರ ಅಮ್ಮ ಬೆಚ್ಚಿಬಿದ್ದರಂತೆ, ಯಾಕೆ?
– ಓದುಗರು, ದಾವಣಗೆರೆ

ಉತ್ತರ: ಪವರ್ ಬದಲಿಸಿದ್ದು ಒಳ್ಳೆಯದೇ. ಒಂದೇ ಪವರ್‌ನಲ್ಲಿ ಎಲ್ಲ ಮುಗಿಸಿದ್ದರೆ ನನಗೆ ಅನುಮಾನ ಬರುತ್ತಿತ್ತು.

ಮಿಷನ್ ಮೇಲೆ ಕಾಣುವ ಮಿಲಿವ್ಯಾಟ್ ಹೊರಡುವ ಬೆಳಕಿನ ಲೆಕ್ಕ ಅಷ್ಟೇ. ಒಳಗೆ ಎಷ್ಟು ಬಿಸಿಯಾಯಿತು ಅನ್ನುವುದು ಬೇರೆ. ಬೆಳಕು ಹೀರಿ ಬಿಸಿಯಾಗುವುದು ರೆಟಿನಾದ ಹಿಂದಿರುವ ಮೆಲನಿನ್ (ಕಪ್ಪು ಬಣ್ಣ ಕೊಡುವ ವಸ್ತು) ಪದರ, ಅದು ಒಂದೇ ಕಣ್ಣಲ್ಲೂ ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು. ಪೊರೆ ಬಂದಿದ್ದರೆ, ಒಳಗೆ ರಕ್ತ ಸೋರಿ ಮಬ್ಬಾಗಿದ್ದರೆ, ಒಂದಿಷ್ಟು ಬೆಳಕು ದಾರಿಯಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಡಾಕ್ಟರು ನೋಡುವುದು ಬಣ್ಣ. ಮೊಟ್ಟೆಯ ಲೋಳೆ ಬೇಯುವ ಹಾಗೆ ಚುಕ್ಕೆ ಬೂದುಬಿಳಿಗೆ ತಿರುಗಬೇಕು. ಅಚ್ಚ ಬಿಳಿಯಾದರೆ ಜಾಸ್ತಿ ಸುಟ್ಟಿದೆ ಅಂತ, ಇಳಿಸುತ್ತಾರೆ.

ತೊಡಕು ಇರುವುದು ಸಮಯದಲ್ಲಿ. ಹಳೆಯ ವಿಧಾನದಲ್ಲಿ ಒಂದು ಏಟಿಗೆ ಸುಮಾರು 100 ಮಿಲಿಸೆಕೆಂಡ್, ಒಮ್ಮೆ ಪೆಡಲ್ ಒತ್ತಿದರೆ ಸಾಲಾಗಿ ಹಲವು ಚುಕ್ಕೆ ಬಿಡುವ ಈಗಿನ ಪ್ಯಾಟರ್ನ್ ಲೇಸರ್‌ಗಳಲ್ಲಿ 20ರ ಆಸುಪಾಸು. ಕಣ್ಣಿಗೆ ಕಂಡು ಪೆಡಲ್‌ನಿಂದ ಕಾಲು ಎತ್ತುವಷ್ಟರಲ್ಲಿ ಸುಮಾರು 200 ಮಿಲಿಸೆಕೆಂಡ್ ಆಗಿಬಿಟ್ಟಿರುತ್ತದೆ! ಅಂದರೆ ಈ ಚುಕ್ಕೆ ನೋಡಿ ಮುಂದಿನದನ್ನು ಸರಿಮಾಡಬಹುದು, ಇದನ್ನಲ್ಲ.

ಇಲ್ಲೇ ಕ್ಯಾಮೆರಾ ಬೇಕಾಗುವುದು. ಚುಕ್ಕೆ ಬೆಳ್ಳಗಾದಂತೆ ಅಲ್ಲಿಂದ ವಾಪಸ್ ಬರುವ ಬೆಳಕೂ ಹೆಚ್ಚುತ್ತದೆ. ಅದನ್ನು ಅಳೆಯುತ್ತಾ ಇದ್ದು, ಮಿತಿ ಮುಟ್ಟಿದ ಕೂಡಲೇ ಲೇಸರ್ ನಿಲ್ಲಿಸುವುದು, ರಕ್ತನಾಳಗಳ ಚಿತ್ರವನ್ನೇ ಗುರುತಾಗಿಟ್ಟುಕೊಂಡು ಕಣ್ಣು ಅಲುಗಿದರೆ ಲೇಸರನ್ನೂ ಜೊತೆಗೆ ಸರಿಸುವುದು, ಇವೆರಡನ್ನೂ 1990ರ ದಶಕದಲ್ಲೇ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದವರು ಮಾಡಿ ನೋಡಿದ್ದರು. ಜರ್ಮನಿಯ ಲ್ಯೂಬೆಕ್‌ನವರದು ಇನ್ನೂ ಮಜವಾಗಿದೆ. ಬಿಸಿಯಾದ ಪದರ ಹಿಗ್ಗುವಾಗ ಏಳುವ ಪುಟ್ಟ ಒತ್ತಡದ ಅಲೆಯನ್ನು, ಕಣ್ಣಿಗೆ ತಾಗಿಸಿಡುವ ಲೆನ್ಸ್‌ನಲ್ಲೇ ಸೆನ್ಸರ್ ಕೂರಿಸಿ ಹಿಡಿದು, ಅದರಿಂದ ಶಾಖ ಲೆಕ್ಕ ಹಾಕುತ್ತಾರೆ.

ಗುರಿ ಹಿಡಿಯುವ ಭಾಗ ಆಸ್ಪತ್ರೆಗಳಿಗೆ ಬಂದಾಗಿದೆ. ನ್ಯಾವಿಲಾಸ್ ಅನ್ನುವ ಮಿಷನ್‌ನಲ್ಲಿ ರೆಟಿನಾದ ಫೋಟೋ ಮೇಲೆ ಎಲ್ಲೆಲ್ಲಿ ಬೇಕು ಅಂತ ಮೊದಲೇ ಗುರುತು ಹಾಕಿದರೆ ಸಾಕು, ಅದು ಕಣ್ಣಿನ ಚಲನೆ ಹಿಂಬಾಲಿಸಿ ಅಲ್ಲಿಗೇ ಬಿಡುತ್ತದೆ. ಡೋಸ್ ಮಾತ್ರ ಇನ್ನೂ ಬಹುಪಾಲು ಡಾಕ್ಟರ ಕೈಯಲ್ಲೇ. ಅಂಚಿನ ಕಡೆಯ ಲೇಸರ್‌ಗೆ ಅನುಭವಿ ಕಣ್ಣು ಸಾಕು ಅಂತ ನನ್ನ ಅನಿಸಿಕೆ. ಓದಲು, ಮುಖ ಗುರುತಿಸಲು ಬೇಕಾದ ನಡುಭಾಗದ ಹತ್ತಿರ ಮಿಷನ್ನಿನ ನೆರವು ನಿಜಕ್ಕೂ ಬೇಕು, ಅಲ್ಲಿ ಒಂದು ಏಟು ಹೆಚ್ಚುಕಮ್ಮಿಯಾದರೂ ಕಷ್ಟ.

ಇನ್ನು ಅಮ್ಮ ಬೆಚ್ಚಿದ್ದು. ಕಣ್ಣನ್ನು ಗಡಿಯಾರ ಅಂದುಕೊಂಡರೆ 3 ಮತ್ತು 9 ಗಂಟೆಯ ಕಡೆ ನೋವಿನ ನರಗಳು ಹಾದುಹೋಗುತ್ತವೆ, ಅಲ್ಲಿ ಬಿದ್ದ ಏಟು ಚುರುಕ್ ಅನ್ನುತ್ತದೆ. ಮುಂದಿನ ಸಲ ಸುಮ್ನೆ ಹಲ್ಲು ಕಚ್ಚಿಕೊಂಡು ಕೂರುವುದು ಬೇಡ. ನೋವಾದರೆ ತಲೆ ಅಲುಗಿಸದೆ ಬಾಯಲ್ಲಿ ಹೇಳಲಿ. ಏಟಿನ ಅವಧಿ ಕಮ್ಮಿ ಮಾಡಬಹುದು, ಉಳಿದಿದ್ದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಲೂಬಹುದು.