ಎಂಎಸ್‌ಡಬ್ಲ್ಯೂ ಆದಮೇಲೆ ಮಾನಸಿಕ ಪುನಶ್ಚೇತನದ ಕೆಲಸಕ್ಕೆ ಯಾವ ತರಬೇತಿ ಬೇಕು?

ನೀವು ಕೇಳಿರೋದು ಇಷ್ಟು: ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿದಿದೆ, ಹಾಫ್‌ವೇ ಹೋಮ್ (ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಆಸ್ಪತ್ರೆಗೂ ಮನೆಗೂ ನಡುವೆ ಕೆಲಕಾಲ ಇರುವ ಜಾಗ) ಒಂದರಲ್ಲಿ ಕೆಲಸ ಸಿಗುವ ಹಾಗಿದೆ, ಅದಕ್ಕೆ ಮೊದಲು ಯಾವ ಕೋರ್ಸ್ ಮಾಡಬೇಕು, ಆನ್‌ಲೈನ್ ಸರ್ಟಿಫಿಕೇಟ್ ಸಾಕಾ ಅಂತ. ಬೆಂಗಳೂರಿನಲ್ಲಿ ನಾನೂ ಇದೇ ಕೆಲಸದಲ್ಲಿದ್ದೇನೆ. ನನ್ನ ಮಾತು ಕೇಳಿದರೆ, ಕೆಲಸಕ್ಕೆ ಸೇರಿ. ಆದರೆ ನೀವು ಮಾಡಿದ್ದನ್ನು ಕೂತು ನೋಡಿ ತಿದ್ದುವ ಹಿರಿಯರೊಬ್ಬರು ಅಲ್ಲಿದ್ದರೆ ಮಾತ್ರ. ಅಂಥವರು ಇಲ್ಲದ ಕಡೆ ಯಾವ ಸರ್ಟಿಫಿಕೇಟ್ ಇದ್ದರೂ ಕೈಗೆ ಕೆಲಸ ಹತ್ತೋದಿಲ್ಲ.

ಡಿಗ್ರಿ ವಿಚಾರ ಮೊದಲು ಮುಗಿಸೋಣ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಅನ್ನಿಸಿಕೊಳ್ಳಲು ಎಂಎಸ್‌ಡಬ್ಲ್ಯೂ ಸಾಲದು. ಅದರ ಮೇಲೆ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ನಲ್ಲೇ 2 ವರ್ಷದ ಎಂ.ಫಿಲ್ ಕೇಳುತ್ತಾರೆ, ಅದೂ ಮೇಲ್ವಿಚಾರಣೆಯಲ್ಲಿ ನಡೆದ ಕ್ಲಿನಿಕಲ್ ತರಬೇತಿ ಇರಬೇಕು. ನಮ್ಮಲ್ಲಿ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಇದಕ್ಕೆ ಹೆಸರಾದವು. ಹೊರಗೆ ಹೋಗೋಕೆ ಸಿದ್ಧ ಅಂದರೆ ರಾಂಚಿ, ತೇಜ್‌ಪುರದ ಮಾನಸಿಕ ಆರೋಗ್ಯ ಸಂಸ್ಥೆಗಳಿವೆ. ಒಂದು ಎಚ್ಚರ: ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಎಂ.ಫಿಲ್ ಪದವಿಯನ್ನೇ ನಿಲ್ಲಿಸಿದಾಗ ಇದಕ್ಕೂ ಕ್ಲಿನಿಕಲ್ ಸೈಕಾಲಜಿಗೂ 2025-26ರ ತನಕ ಮಾತ್ರ ವಿನಾಯಿತಿ ಕೊಟ್ಟಿತ್ತು. ಹಾಗಾಗಿ ಸೀನಿಯರ್‌ಗಳು ಹೇಳಿದ್ದನ್ನೇ ನಂಬಿ ಕೂರಬೇಡಿ, ಅರ್ಜಿ ಹಾಕುವ ವರ್ಷದ ಪ್ರಕಟಣೆ ನೋಡಿ.

ಇನ್ನೊಂದು ದಾರಿ, ಬೆಂಗಳೂರಿನ ರಿಚ್ಮಂಡ್ ಫೆಲೋಶಿಪ್. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಮನೋಸಾಮಾಜಿಕ ಪುನಶ್ಚೇತನದಲ್ಲೇ ಎಂ.ಎಸ್ಸಿ ನಡೆಸಿಕೊಂಡು ಬಂದವರು ಅವರು. ಅವರದ್ದೇ ‘ಆಶಾ’ ಅನ್ನುವ ಹಾಫ್‌ವೇ ಹೋಮ್ ಇದೆ, ಅದೇ ದೊಡ್ಡ ಅನುಕೂಲ. ಆದರೆ ಆ ಪದವಿಯೊಂದರಿಂದಲೇ ಕಾಯ್ದೆಯ ಕಣ್ಣಿಗೆ ನೀವು ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಆಗೋದಿಲ್ಲ. ಇನ್ನು ವಾರಾಂತ್ಯದ ಸರ್ಟಿಫಿಕೇಟ್‌ಗಳು. ಹಾಫ್‌ವೇ ಹೋಮ್ ಒಳಗೆ ಕಾಲೇ ಇಡದೆ ಮುಗಿಯುವ ಕೋರ್ಸ್‌ಗೆ ದುಡ್ಡು ಸುರಿಯಬೇಡಿ ಅಂತಷ್ಟೇ ಹೇಳ್ತೀನಿ.

ಈಗ ಕೆಲಸದ ವಿಚಾರ. ನಮ್ಮ ಕೇಂದ್ರಕ್ಕೆ ಬರುತ್ತಿದ್ದ ಒಬ್ಬ ಹುಡುಗನಿಗೆ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ಮಾತು ಕಿವಿಗೆ ಕೇಳಿಸುವಂಥ ತೀವ್ರ ಮಾನಸಿಕ ಕಾಯಿಲೆ. ಕಾಯಿಲೆಗೆ ಮುಂಚೆ ದಿನಸಿ ಅಂಗಡಿಯಲ್ಲಿದ್ದ, ಮತ್ತೆ ಅಲ್ಲಿಗೇ ಹೋಗಬೇಕು ಅನ್ನುತ್ತಿದ್ದ. ಹಳೇ ಪದ್ಧತಿಯಾಗಿದ್ದರೆ ‘ಇನ್ನೂ ರೆಡಿ ಇಲ್ಲ’ ಅಂತ ವರ್ಷಗಟ್ಟಲೆ ಪೇಪರ್ ಕವರ್ ಅಂಟಿಸಲು ಕೂರಿಸುತ್ತಿದ್ದರು. ನಾವು ಅಂಗಡಿಗೇ ಹೋಗಿ ನೋಡಿದೆವು. ಬೆಳಗ್ಗೆ 7ಕ್ಕೆ ಶಟರ್. ಸಕ್ಕರೆ, ಬೇಳೆ ತೂಗಿ ಕಟ್ಟೋದು. ಚೀಟಿ ನೋಡಿ ಸಾಮಾನು ತೆಗೆಯೋದು. ಸಂಜೆ ಗಿರಾಕಿಗಳ ಗಲಾಟೆ. ತೂಗಿ ಕಟ್ಟೋದರಲ್ಲಿ ಅವನ ಕೈ ಚೆನ್ನಾಗಿತ್ತು. ಚೀಟಿಯಲ್ಲಿ ಐದಾರು ಐಟಂ ದಾಟಿದರೆ ತಪ್ಪುತ್ತಿತ್ತು. ಪ್ರತಿ ಐಟಂ ತೆಗೆದಿಟ್ಟಾಗ ಪೆನ್ನಲ್ಲಿ ಟಿಕ್ ಹಾಕೋದು ರೂಢಿ ಮಾಡಿಸಿದೆವು. ರಾತ್ರಿ ಮಾತ್ರೆಯ ಮಂಪರು ಬೆಳಗ್ಗೆ 9ರ ತನಕ ಇಳಿಯುತ್ತಿರಲಿಲ್ಲ. ಡಾಕ್ಟರ ಹತ್ತಿರ ಮಾತಾಡಿದಾಗ ರಾತ್ರಿ ಮಾತ್ರೆಯನ್ನು ಸ್ವಲ್ಪ ಬೇಗ ತೆಗೆದುಕೊಳ್ಳೋಕೆ ಹೇಳಿದರು. ಮಾಲೀಕರು 10ಕ್ಕೆ ಬರಲಿ ಅಂದರು. ಕಿವಿಯಲ್ಲಿ ಮಾತು ಜಾಸ್ತಿಯಾದರೆ ಹಿಂದಿನ ಗೋಡೌನಿಗೆ ಹೋಗಿ ಸ್ವಲ್ಪ ಹೊತ್ತು ಕೂರಬಹುದು ಅಂತಲೂ ಒಪ್ಪಿದರು. ಸಂಬಳ ಮಾತ್ರ ಮೊದಲ ದಿನದಿಂದಲೇ ಕೊಡಬೇಕು ಅಂತ ನಾವು ಹಟ ಹಿಡಿದೆವು. ಸುಮ್ನೆ ‘ಹೊತ್ತು ಹೋಗಲಿ’ ಅಂತ ಕರೆದುಕೊಂಡರೆ ಅದು ಉದ್ಯೋಗ ಹೇಗಾಗುತ್ತೆ?

ಮೊದಲು ನಿಜವಾದ ಕೆಲಸಕ್ಕೆ ಸೇರಿಸು, ಕಲಿಸೋದು ಅಲ್ಲಿಯೇ ಅನ್ನುವ ಈ ಕ್ರಮ ಅಮೆರಿಕದಲ್ಲಿ ‘ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್’ ಅಂತ ಬೆಳೆದದ್ದು. ಇದರ ಜೊತೆಗೆ ವಿಲಿಯಂ ಆಂಥನಿ 1979ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ಮನೋಪುನಶ್ಚೇತನ ಕೇಂದ್ರದ ಬರಹಗಳನ್ನೂ ಓದಿ. ಬೇಕಾದ್ದನ್ನು ವ್ಯಕ್ತಿಯೇ ಆರಿಸಿಕೊಳ್ಳಬೇಕು, ಪಡೆಯಬೇಕು, ಉಳಿಸಿಕೊಳ್ಳಬೇಕು, ನಾವು ಈ ಮೂರಕ್ಕೂ ಆಸರೆ ಕೊಡಬೇಕು ಅನ್ನೋದು ಅವರ ವಾದ.

ಕೋರ್ಸ್‌ಗಳಲ್ಲಿ ಅವಸರದಲ್ಲಿ ಮುಗಿಸಿಬಿಡುವ ಇನ್ನೊಂದು ಪಾಠ ಕಾಗದಪತ್ರದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಮಾನಸಿಕ ಕಾಯಿಲೆಯೂ ಅದರಲ್ಲಿ ಒಂದು. ಮೀಸಲಾತಿಯಂಥ ಸೌಲಭ್ಯಕ್ಕೆ ಅಂಗವೈಕಲ್ಯ 40% ಆದರೂ ಇರಬೇಕು. ಅಳೆಯೋದು ಐಡಿಯಾಸ್ ಅನ್ನುವ ಮಾಪಕದಲ್ಲಿ: ತನ್ನ ಆರೈಕೆ, ಜನರ ಜೊತೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ. ಇದಕ್ಕೆ ಕಾಯಿಲೆ ಎಷ್ಟು ಕಾಲದ್ದು ಅನ್ನೋದೂ ಸೇರುತ್ತೆ. ಅಂಗವೈಕಲ್ಯದ ಸರ್ಟಿಫಿಕೇಟ್ ಕೊಡೋದು ನಾವಲ್ಲ, ಆದರೆ ಮನೆಯವರ ಮಾತನ್ನು ಸರಿಯಾಗಿ ಬರೆದುಕೊಡೋದು ನಮ್ಮ ಕೆಲಸ. ‘ಸ್ನಾನ ಮಾಡ್ತಾನಾ?’ ಅಂದರೆ ತಾಯಿ ‘ಹೂಂ ಸಾರ್, ಮಾಡ್ತಾನೆ’ ಅಂತಾರೆ. ಇನ್ನೂ ಕೆದಕಿದರೆ ಗೊತ್ತಾಗುತ್ತೆ: ಅವರೇ ನೀರು ತೋಡಿಟ್ಟು, ಟವೆಲ್ ಕೈಗೆ ಕೊಟ್ಟು, ನಾಲ್ಕು ಸಲ ಕೂಗಿದ ಮೇಲೆ, ಅದೂ ವಾರಕ್ಕೊಮ್ಮೆ. ಇದನ್ನು ಬರೆಯದಿದ್ದರೆ ಅಂಗವೈಕಲ್ಯದ ಅಂಕ ಕಡಿಮೆಯಾಗುತ್ತೆ, ಮನೆಯವರು ಇನ್ನೊಮ್ಮೆ ಆಸ್ಪತ್ರೆಗೆ ಅಲೆಯಬೇಕು. ಹೀಗೆ ಕೆದಕಿ ಕೇಳೋದನ್ನು ಹಿರಿಯರ ಪಕ್ಕ ಕೂತೇ ಕಲಿಯಬೇಕು.

ಪುಕ್ಕಟೆ ಸಿಗೋದರಲ್ಲಿ ನಾನು ಮೊದಲು ಹೇಳೋದು ವಿಶ್ವ ಆರೋಗ್ಯ ಸಂಸ್ಥೆಯ ಕ್ವಾಲಿಟಿರೈಟ್ಸ್ ಇ-ತರಬೇತಿ. ಬಲವಂತ ಇಲ್ಲದೆ ಕೆಲಸ ಮಾಡೋದು ಹೇಗೆ ಅಂತ ಅದರಲ್ಲಿದೆ. 2017ರ ಕಾಯ್ದೆಯ 18 ಮತ್ತು 19ನೇ ಸೆಕ್ಷನ್‌ಗಳನ್ನೂ ಒಮ್ಮೆ ಓದಿಬಿಡಿ. ಮನೆ ಇಲ್ಲ, ಮನೆಯವರು ಕೈಬಿಟ್ಟಿದ್ದಾರೆ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ ಅನ್ನೋದು 19ರಲ್ಲಿದೆ. ಬೆಂಗಳೂರಿಗೆ ಬಂದಾಗ ನಿಮ್ಹಾನ್ಸ್‌ನ ಪುನಶ್ಚೇತನ ವಿಭಾಗ ನೋಡಿ. ಅಲ್ಲಿನ ಬೇಕರಿ ತಿಂಡಿ ತಿನ್ನೋಕೆ ಅಂತಲೇ ಹೋಗುವವರೂ ಇದ್ದಾರೆ!

ಡಿಗ್ರಿ ಆಮೇಲೆ, ತಿದ್ದುವವರು ಮೊದಲು ಅಂತ ನಾನು ಹೇಳೋದಕ್ಕೆ ಆಧಾರವೂ ಇದೆ. ಗೋವಾ, ಸತಾರಾ, ತಮಿಳುನಾಡಿನಲ್ಲಿ ನಡೆದ ಒಂದು ಪ್ರಯೋಗದ ವರದಿ 2014ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಸ್ಥಳೀಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟು, ಮೇಲ್ವಿಚಾರಣೆ ಇಟ್ಟು, ಸ್ಕಿಜೋಫ್ರೇನಿಯಾ ಇರುವವರ ಮನೆಗಳಿಗೆ ಕಳಿಸಿದ್ದರು. ಬರೀ ಆಸ್ಪತ್ರೆ ಚಿಕಿತ್ಸೆ ಸಿಕ್ಕವರಿಗಿಂತ ಹೀಗೆ ಮನೆಯಲ್ಲೂ ನೆರವು ಸಿಕ್ಕವರ ಸ್ಥಿತಿ ಸ್ವಲ್ಪ ಹೆಚ್ಚು ಸುಧಾರಿಸಿತ್ತು. ಸ್ವಲ್ಪವೇ, ಆದರೂ ನಮ್ಮ ಕೆಲಸದಲ್ಲಿ ಅದು ಸಣ್ಣ ಮಾತಲ್ಲ.

ಇಂಟರ್‌ವ್ಯೂಗೆ ಹೋದಾಗ ನೀವೂ ನಾಲ್ಕು ಪ್ರಶ್ನೆ ಕೇಳಿ. ನನ್ನ ಕೇಸ್‌ಗಳನ್ನು ಯಾರ ಜೊತೆ ಚರ್ಚೆ ಮಾಡಬೇಕು, ವಾರಕ್ಕೆ ಎಷ್ಟು ಸಲ? ಕಳೆದ ವರ್ಷ ಇಲ್ಲಿಂದ ಎಷ್ಟು ಜನ ಮನೆಗೋ ಕೆಲಸಕ್ಕೋ ಹೋದರು? ಹಗಲಲ್ಲಿ ಗೇಟಿಗೆ ಬೀಗ ಹಾಕ್ತೀರಾ? ರಾತ್ರಿ ಪಾಳಿಯಲ್ಲಿ ನಾನೊಬ್ಬನೇನಾ? ಮೊದಲೆರಡಕ್ಕೆ ತಡವರಿಸಿದರೆ ಬೇರೆ ಕಡೆ ನೋಡಿ. ಕೆಲಸ ಯಾವ ಊರಲ್ಲಿ ಅಂತ ನೀವು ಬರೆದಿಲ್ಲ. ಬೆಂಗಳೂರಿನ ಹೊರಗೆ ಆದರೆ ನಿಮ್ಮ ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕಂಡು, ಹತ್ತಿರದಲ್ಲಿ ಮಾನಸಧಾರಾ ಡೇ ಕೇರ್ (ಮಾನಸಿಕ ಕಾಯಿಲೆ ಇರುವವರು ಹಗಲು ಬಂದು ಹೋಗುವ ಪುನಶ್ಚೇತನ ಕೇಂದ್ರ) ಇದೆಯಾ ವಿಚಾರಿಸಿ. ಆಫರ್‌ಗೆ ಹೂಂ ಅನ್ನುವ ಮೊದಲು ಆ ಡೇ ಕೇರ್‌ನಲ್ಲಿ ಒಂದು ವಾರ ಕೂತು ಬನ್ನಿ.